ಅಮ್ಮನ ಮಂಡಿ ಒಪ್ಪಿದ ದಾರಿಗಳು: ಹಾಸನ, ಚಿಕ್ಕಮಗಳೂರಿನ ನೀರಂಚಿನ ನಡಿಗೆಗಳ ವಿಮರ್ಶೆ

ನೀರಿನ ಪಕ್ಕದಲ್ಲಿ ಆರಾಮವಾಗಿ ನಡೆದಾಡಲು ಒಳ್ಳೆಯ ಜಾಗ ಯಾವುದೆಂದು ಹಾಸನದಲ್ಲಿ ಯಾರನ್ನು ಕೇಳಿದರೂ, ಶಿರಾಡಿ ಘಾಟಿ ಇಳಿದು ಸಮುದ್ರಕ್ಕೆ ಹೋಗಿ ಬನ್ನಿ ಎಂಬ ಉತ್ತರವೇ ಮೊದಲು ಬರುತ್ತದೆ. ನಾವೂ ಹಾಗೆಯೇ ಮಾಡಿದೆವು. ಅಮ್ಮನಿಗೆ ಈಗ ಎಪ್ಪತ್ನಾಲ್ಕು ವರ್ಷ. ಎರಡೂ ಮಂಡಿಗಳು ಸವೆದಿವೆ ಎಂದು ವೈದ್ಯರು ಹೇಳಿ, ಮೆಟ್ಟಿಲು ಕಡಿಮೆ ಮಾಡಿ, ಆದರೆ ನಡಿಗೆಯನ್ನು ಮಾತ್ರ ಬಿಡಬೇಡಿ, ಸಮತಟ್ಟಾದ ನೆಲದ ಮೇಲೆ ದಿನವೂ ಅರ್ಧ ಗಂಟೆ ನಡೆಯಿರಿ ಎಂದು ತಿಳಿಸಿದ ಮೇಲೆ, ಬಡಾವಣೆಯ ಉದ್ಯಾನದಲ್ಲಿ ಒಂದೇ ಸುತ್ತನ್ನು ಹತ್ತು ಸಲ ಸುತ್ತಿ ಬೇಸತ್ತ ಅವರು, "ನೀರು ಕಾಣೋ ಕಡೆ ಎಲ್ಲಾದ್ರೂ ಕರ್ಕೊಂಡ್ ಹೋಗೇ" ಎಂದು ಕೇಳಿದರು. ಅಲ್ಲಿಂದ ಆರಂಭವಾದ ಈ ಹುಡುಕಾಟ ಈಗ ಎರಡು ವರ್ಷ ದಾಟಿದೆ. ಮನೆಯಲ್ಲಿ ಹಿರಿಯರಿದ್ದು, ಅವರನ್ನು ಕರೆದುಕೊಂಡು ನೀರಿನ ಬಳಿ ಹೋಗಬೇಕೆಂದಿರುವವರಿಗೆ ನೆರವಾಗಲಿ ಎಂದು ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ಕರಾವಳಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯನ್ನು ನೋಡಿ ಅಮ್ಮ ಬೆರಗಾದರು. ಆದರೆ ಅಲ್ಲಿ ನಡೆಯುವುದೆಂದರೆ ಒಂದೋ ಲಾರಿಗಳು ಓಡುವ ರಸ್ತೆಯ ಅಂಚಿನಲ್ಲಿ, ಇಲ್ಲವೇ ಮರಳಿನಲ್ಲಿ. 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪುವಿನಲ್ಲಿಯೂ ಮರಳಿನ ಕಷ್ಟ ತಪ್ಪಲಿಲ್ಲ. ಒಣ ಮರಳಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಹೂತು ಹಿಮ್ಮಡಿ ತಿರುಚಿಕೊಳ್ಳುತ್ತದೆ, ಆ ತಿರುಚು ನೇರವಾಗಿ ಮಂಡಿಗೆ ಹೋಗಿ ನಾಟುತ್ತದೆ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ ನಿಜ, ಆದರೆ ಅದು ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಎಂಬಂತೆ ನಡೆಯಬೇಕಾಗುತ್ತದೆ. ಇಪ್ಪತ್ತು ನಿಮಿಷ ನಡೆದ ಅಮ್ಮ ಆ ರಾತ್ರಿ ಬಿಸಿನೀರಿನ ಶಾಖ ಕೊಟ್ಟರೂ ನಿದ್ದೆ ಮಾಡಲಿಲ್ಲ. ಕರಾವಳಿಯಲ್ಲಿ ಸಿಮೆಂಟಿನ ನಡಿಗೆದಾರಿಗಳಿರುವ ತೀರಗಳೂ ಇವೆ. ಅಂಥ ಕಡೆ ನೆಲದ ತೊಂದರೆಯಿಲ್ಲ, ಆದರೆ ಅರ್ಧ ಗಂಟೆಯ ನಡಿಗೆಗಾಗಿ ಘಾಟಿಯ ತಿರುವುಗಳಲ್ಲಿ ನಾಲ್ಕೈದು ಗಂಟೆ ಕುಳಿತು ಹೋಗುವುದು ವಾರವಾರ ಆಗುವ ಕೆಲಸವಲ್ಲ.

ಆ ಪ್ರಯಾಣದಿಂದ ನನಗೆ ತಿಳಿದದ್ದೆಂದರೆ, ಹಿರಿಯರಿಗೆ ಒಂದು ದಾರಿ ಸುಲಭವೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಅಲ್ಲಿನ ನೋಟವಲ್ಲ, ಕಾಲ ಕೆಳಗಿನ ನೆಲ. ನೆಲ ಸಮವಾಗಿದೆಯೇ, ಸುಸ್ತಾದಾಗ ಕುಳಿತುಕೊಳ್ಳಲು ಮೊಣಕಾಲೆತ್ತರದ ಕಲ್ಲೋ ಕಟ್ಟೆಯೋ ಇದೆಯೇ, ಎಲ್ಲಿ ಬೇಕೆಂದರಲ್ಲಿ ಹಿಂದಿರುಗಬಹುದೇ, ಶೌಚಾಲಯ ಎಷ್ಟು ದೂರ, ಇವಿಷ್ಟನ್ನೂ ನೋಡಿದ ಮೇಲೆಯೇ ಬೆಟ್ಟ, ಬೆಳಕು, ಹಕ್ಕಿಗಳ ಮಾತು. ಮುಂದಿನ ಅಭಿಪ್ರಾಯಗಳೆಲ್ಲ ಈ ಅಳತೆಯಿಂದಲೇ ಬಂದವು.

ಈ ಅಳತೆಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಅಯ್ಯನಕೆರೆಗೆ. ಚಿಕ್ಕಮಗಳೂರಿನಿಂದ ಕಡೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಖರಾಯಪಟ್ಟಣ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಕೆಲವು ಕಿಲೋಮೀಟರ್ ಹೋದರೆ, ಬಾಬಾ ಬುಡನ್ ಗಿರಿ ಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಶಕುನಗಿರಿ ಬೆಟ್ಟದ ಎದುರಿಗೆ ಈ ಕೆರೆ ಹರಡಿಕೊಂಡಿದೆ. ಸಖರಾಯಪಟ್ಟಣವನ್ನು ಆಳಿದ ರುಕ್ಮಾಂಗದ ರಾಯ ಇದನ್ನು ಕಟ್ಟಿಸಿದನೆಂಬುದು ಪ್ರತೀತಿ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಇದರ ಜೀರ್ಣೋದ್ಧಾರವಾಯಿತು. ಅಂದರೆ ನಾವು ಇಂದು ಕಾಲಿಡುವ ಏರಿಗೆ ಎಂಟುನೂರೈವತ್ತು ವರ್ಷಗಳಿಗೂ ಹೆಚ್ಚಿನ ವಯಸ್ಸು. ಇಲ್ಲಿಂದ ಹೊರಡುವ ವೇದಾ ಹಳ್ಳವು ಮದಗದ ಕೆರೆಯ ಕಡೆಯಿಂದ ಬರುವ ಅವತಿಯನ್ನು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ, ಮುಂದೆ ಹಿರಿಯೂರಿನ ಹತ್ತಿರ ವಾಣಿ ವಿಲಾಸ ಸಾಗರವನ್ನು ಸೇರುತ್ತದೆ. ಇದೇ ಗಿರಿಶ್ರೇಣಿಯಲ್ಲಿ ಹುಟ್ಟುವ ಯಗಚಿ ಮಾತ್ರ ದಕ್ಷಿಣಕ್ಕೆ ಹರಿದು ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಒಂದೇ ಬೆಟ್ಟದ ಮಳೆ ಒಂದು ಪಾಲು ಕೃಷ್ಣೆಗೆ, ಒಂದು ಪಾಲು ಕಾವೇರಿಗೆ ಹಂಚಿಕೆಯಾಗುವ ಈ ಸಂಗತಿಯನ್ನು ಏರಿಯ ಮೇಲೆ ನಿಂತು ಅಮ್ಮನಿಗೆ ಹೇಳಿದಾಗ, ಅವರು ಬೆಟ್ಟದ ನೆತ್ತಿಯನ್ನು ಬಹಳ ಹೊತ್ತು ನೋಡುತ್ತಿದ್ದರು.

ಕೆರೆಯ ಏರಿ ನಡಿಗೆಗೆ ಏಕೆ ಇಷ್ಟು ಹಿತವೆಂಬುದಕ್ಕೆ ಕಾರಣವಿದೆ. ನೀರು ಸಮಮಟ್ಟದಲ್ಲಿ ನಿಲ್ಲುವುದರಿಂದ ಅದನ್ನು ಹಿಡಿದಿಡುವ ಏರಿಯ ನೆತ್ತಿಯೂ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟದಲ್ಲಿರಬೇಕು. ಎಲ್ಲಾದರೂ ಒಂದು ಕಡೆ ತಗ್ಗಾದರೆ ತುಂಬಿದ ನೀರು ಅಲ್ಲಿಯೇ ಉಕ್ಕಿ ಏರಿಯನ್ನು ಕೊರೆದುಬಿಡುತ್ತದೆ. ಹೆಚ್ಚಾದ ನೀರು ಕೋಡಿಯಲ್ಲಿ ಮಾತ್ರ ಹೋಗಬೇಕು. ಆದ್ದರಿಂದ ಕೆರೆ ಕಟ್ಟಿದವರು ನೀರಿಗಾಗಿ ಮಾಡಿದ ಸಮತಟ್ಟು ಇಂದು ಸವೆದ ಮಂಡಿಗೂ ಒದಗುತ್ತಿದೆ. ಅಯ್ಯನಕೆರೆಯ ಏರಿ ಸಾಕಷ್ಟು ಅಗಲವಾಗಿದೆ, ಇಬ್ಬರು ಪಕ್ಕಪಕ್ಕದಲ್ಲಿ ಮಾತನಾಡುತ್ತಾ ನಡೆದರೂ ಎದುರಿಗೆ ಬರುವ ಬೈಕಿಗೆ ದಾರಿ ಬಿಡಬಹುದು. ಕೆಲವು ಕಡೆ ಮೇಲ್ಮೈಯ ಮಣ್ಣು ಕೊಚ್ಚಿಹೋಗಿ ಜಲ್ಲಿ ಮೇಲೆದ್ದಿದೆ, ಅಂಥ ಕಡೆ ಅಮ್ಮ ನನ್ನ ತೋಳನ್ನು ಹಿಡಿದರು. ಉಳಿದಂತೆ ಊರುಗೋಲನ್ನು ಅವರು ಊರಿದ್ದಕ್ಕಿಂತ ಕೈಯಲ್ಲಿ ಹಿಡಿದು ನಡೆದದ್ದೇ ಹೆಚ್ಚು. "ಏರಿ ಮೇಲೆ ನಡೆದ್ರೆ ನಡೆದಂಗೇ ಆಗಲ್ಲ ಕಣೇ" ಎಂದರು.

ಅಮ್ಮ ಹುಟ್ಟಿ ಬೆಳೆದದ್ದು ಅರಸೀಕೆರೆ ಸೀಮೆಯ ಒಂದು ಹಳ್ಳಿಯಲ್ಲಿ, ಕೆರೆಯ ಹಿಂದಿನ ಮನೆಯಲ್ಲಿ. ತೂಬಿನ ಬಳಿ ಬಂದಾಗ ಅವರು ತಾವಾಗಿಯೇ ನಿಂತರು. ನೀರಿನ ಕಡೆಗಿರುವ ಕಲ್ಲುಕಟ್ಟಣೆಯ ಒಂದು ಕಲ್ಲಿನ ಮೇಲೆ ಕೈಯಿಟ್ಟು, ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಕಲ್ಲಿನ ಬಣ್ಣದಿಂದ ಹೇಗೆ ತಿಳಿಯುವುದೆಂದು ತೋರಿಸಿದರು. ಒಂದು ಗೆರೆಯಿಂದ ಕೆಳಗೆ ಕಲ್ಲುಗಳು ಬೂದುಬಣ್ಣಕ್ಕೆ ತಿರುಗಿ, ಸಂದುಗಳಲ್ಲಿ ಒಣಗಿದ ಪಾಚಿ ಕಾಗದದ ಹಾಗೆ ಅಂಟಿಕೊಂಡಿತ್ತು. ಬೆರಳಿನಿಂದ ತಟ್ಟಿದರೆ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಅದರ ಮೇಲಿನ ಕಲ್ಲುಗಳು ಬಿಸಿಲಿಗೆ ಕೆಂಪಾಗಿದ್ದವು. ನೀರುಗಂಟಿ ಬೆಳಗಿನ ಜಾವ ತೂಬು ಎತ್ತಿದಾಗ ಏರಿಯ ಹಿಂಭಾಗದ ಕಾಲುವೆಯಲ್ಲಿ ಮೊದಲು ಗಾಳಿಯ ಸದ್ದು ಬಂದು ಆಮೇಲೆ ನೀರು ಬರುತ್ತಿತ್ತಂತೆ, ಆ ಸದ್ದಿಗೇ ಅಜ್ಜ ಎದ್ದು ಗುದ್ದಲಿ ಹಿಡಿದು ಗದ್ದೆಗೆ ಹೊರಡುತ್ತಿದ್ದರಂತೆ. ಮೂವತ್ತು ವರ್ಷ ಜೊತೆಯಲ್ಲಿದ್ದರೂ ನಾನು ಕೇಳಿರದ ಮಾತುಗಳಿವು. ಕೆರೆ ಒಡೆಯುವ ಮುನ್ನ ಗಂಗಮ್ಮ ಕಾವಲುಗಾರನಿಗೆ ಕಾಣಿಸಿಕೊಂಡಳೆಂದೂ, ಒಡೆಯನಿಗೆ ತಿಳಿಸಿ ಬರುವ ತನಕ ಕಾದಿರು ಎಂದು ಅವಳಿಂದ ಮಾತು ಪಡೆದು ಹೋದ ಅವನು ಮತ್ತೆ ಹಿಂದಿರುಗಲೇ ಇಲ್ಲವೆಂದೂ, ಕೊಟ್ಟ ಮಾತಿಗೆ ಕಟ್ಟುಬಿದ್ದ ಅವಳು ಇಂದಿಗೂ ಕೆರೆಯನ್ನು ಕಾಯುತ್ತಿದ್ದಾಳೆಂದೂ ಈ ಭಾಗದ ಜನ ಹೇಳುವ ಕಥೆಯನ್ನು ಅಮ್ಮ ತಮ್ಮ ಊರಿನ ಕೆರೆಯದೆಂದೇ ನಂಬಿದ್ದರು.

ಅಯ್ಯನಕೆರೆಯ ಕೊರತೆಗಳನ್ನೂ ಹೇಳಬೇಕು. ನಾವು ಹೋದಾಗಲೆಲ್ಲ ಏರಿಯ ಮೇಲೆ ಕುಳಿತುಕೊಳ್ಳಲು ಬೆಂಚುಗಳಿರಲಿಲ್ಲ, ಕಲ್ಲುಗಳನ್ನೇ ನೆಚ್ಚಬೇಕು. ನಂಬಿಕೊಂಡು ಹೋಗಬಹುದಾದ ಶೌಚಾಲಯ ನಮಗೆ ಕಾಣಲಿಲ್ಲ, ಚಿಕ್ಕಮಗಳೂರಿನಲ್ಲಿಯೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ನೆರಳಂತೂ ಇಲ್ಲ. ಆದರೆ ಇದನ್ನು ದೂರುವುದು ಸರಿಯಲ್ಲ, ಏಕೆಂದರೆ ದೊಡ್ಡ ಮರಗಳ ಬೇರು ಏರಿಯ ಮಣ್ಣನ್ನು ಸಡಿಲಗೊಳಿಸುತ್ತದೆ, ಮರ ಸತ್ತು ಬೇರು ಕೊಳೆತ ಮೇಲೆ ಆ ಪೊಳ್ಳಿನಲ್ಲಿ ನೀರು ಜಿನುಗಲು ದಾರಿಯಾಗುತ್ತದೆ. ನೆರಳು ಬೇಕಾದವರು ಹೊತ್ತನ್ನು ಆರಿಸಿಕೊಳ್ಳಬೇಕು. ಇಲ್ಲಿ ಬೆಟ್ಟ ಮತ್ತು ನೀರು ಪಶ್ಚಿಮಕ್ಕಿರುವುದರಿಂದ ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಅಮ್ಮನಿಗೆ ಅದು ತೀರಾ ಹಿಂಸೆಯಾಯಿತು. ಸೂರ್ಯಾಸ್ತ ನೋಡಲೆಂದು ಎಲ್ಲರೂ ಸಂಜೆಗೆ ಬರುತ್ತಾರೆ, ಆದರೆ ನಡೆಯಲು ಬರುವವರು ಬೆಳಿಗ್ಗೆ ಏಳರಿಂದ ಎಂಟೂವರೆಯ ಒಳಗೆ ಬರಬೇಕೆಂಬುದು ನನ್ನ ಸಲಹೆ. ಆಗ ಸೂರ್ಯ ಬೆನ್ನಿಗಿರುತ್ತಾನೆ, ಎದುರಿಗಿರುವ ಶಕುನಗಿರಿಯ ಮೇಲೆ ಬಿಸಿಲು ನಿಧಾನವಾಗಿ ಇಳಿದು ಬರುವುದನ್ನು ನೋಡುತ್ತಾ ನಡೆಯಬಹುದು.

ಎರಡನೆಯದಾಗಿ ನಾನು ಹೇಳಬೇಕಾದದ್ದು ದೊಡ್ಡಗದ್ದವಳ್ಳಿ. ಇದು ಹಾಸನದವರಿಗೆ ತೀರಾ ಹತ್ತಿರ. ಬೇಲೂರು ರಸ್ತೆಯಲ್ಲಿ ಹೋಗಿ ಒಳದಾರಿ ಹಿಡಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆರೆಯ ದಡದಲ್ಲಿರುತ್ತೀರಿ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಸುಮಾರು 1114ರಲ್ಲಿ ಕಟ್ಟಿಸಿದ ಲಕ್ಷ್ಮೀದೇವಿಯ ನಾಲ್ಕು ಗರ್ಭಗುಡಿಗಳ ದೇವಾಲಯ ಆ ಕೆರೆಗೆ ಒತ್ತಿಕೊಂಡೇ ಇದೆ. ನಡಿಗೆಯೆಂದು ಅಳೆದರೆ ಇಲ್ಲಿ ದಾರಿ ಬಹಳ ಚಿಕ್ಕದು. ಊರಿನ ಬೀದಿ, ದೇವಾಲಯದ ಹೊರಗೋಡೆ, ಕೆರೆಯ ಅಂಚು ಇವುಗಳನ್ನು ಸೇರಿಸಿ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಹೊಸದಾಗಿ ನಡೆಯಲು ತೊಡಗಿದವರಿಗೆ, ಶಸ್ತ್ರಚಿಕಿತ್ಸೆಯಿಂದ ಎದ್ದವರಿಗೆ ಇಪ್ಪತ್ತು ನಿಮಿಷವೇ ಸರಿಯಾದ ಅಳತೆ. ವಾಹನ ಎಲ್ಲಿಂದಲೂ ಕಾಣುವಷ್ಟು ಹತ್ತಿರದಲ್ಲಿರುವುದರಿಂದ ಹಿರಿಯರಿಗೆ ಧೈರ್ಯವೂ ಇರುತ್ತದೆ.

ನಾವು ಹೋದದ್ದು ಒಂದು ಡಿಸೆಂಬರಿನ ಬೆಳಿಗ್ಗೆ. ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬರ ಸದ್ದು ಆಚೆ ದಡದ ತೆಂಗಿನ ತೋಟಕ್ಕೆ ತಾಗಿ ಎರಡನೆಯ ಸಲ ಕೇಳುತ್ತಿತ್ತು. ಅವರೇ ಅಮ್ಮನನ್ನು ಮಾತನಾಡಿಸಿ, "ಅಜ್ಜಿ, ಆ ಕಡೆ ಹೋಗ್ಬೇಡಿ, ಜಾರ್ತದೆ, ಈ ಕಡೆ ಬನ್ನಿ" ಎಂದು ದಾರಿ ತೋರಿಸಿದರು. ದೇವಾಲಯದೊಳಗೆ ಕಾಳಿಯ ಗುಡಿಯ ಬಾಗಿಲಲ್ಲಿ ನಿಂತಿರುವ ಎಲುಬುಗೂಡಿನಂಥ ಬೇತಾಳಗಳನ್ನು ಕಂಡು ಅಮ್ಮ ಕೈಮುಗಿದು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಹೊಸ್ತಿಲುಗಳು ಎತ್ತರವಾಗಿವೆ, ಒಳಗೆ ಬೆಳಕು ಕಡಿಮೆ, ಆದ್ದರಿಂದ ಹಿರಿಯರನ್ನು ಕೈಹಿಡಿದೇ ದಾಟಿಸಬೇಕು. ಈ ಊರಿನಲ್ಲಿ ಹೋಟೆಲು ಹುಡುಕಬೇಡಿ, ತಿಂಡಿಯನ್ನು ಮನೆಯಿಂದ ಕಟ್ಟಿಕೊಂಡು ಹೋಗಿ ಎಲೆಯನ್ನೂ ಪೊಟ್ಟಣವನ್ನೂ ವಾಪಸ್ಸು ತನ್ನಿ.

ಹೇಮಾವತಿಯ ಹಿನ್ನೀರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಸರಳವಾಗಿಲ್ಲ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಈ ನದಿಗೆ ಗೊರೂರಿನಲ್ಲಿ ಕಟ್ಟಿದ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ 37.10 ಟಿಎಂಸಿ. ಮಳೆಗಾಲದಲ್ಲಿ ಆ ಮಟ್ಟಕ್ಕೆ ಏರಿ ಬೇಸಿಗೆಯಲ್ಲಿ ಕೆಳಗಿಳಿಯುವ ನೀರಿಗೆ ಖಾಯಂ ಆದ ದಡವೆಂಬುದೇ ಇಲ್ಲ. ಕಳೆದ ತಿಂಗಳು ನಡೆದ ಜಾಗ ಈ ತಿಂಗಳು ನೀರಿನಡಿಯಲ್ಲಿರಬಹುದು, ಇಲ್ಲವೇ ನೀರು ಕಾಲು ಕಿಲೋಮೀಟರ್ ಹಿಂದೆ ಸರಿದಿರಬಹುದು. ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಲು ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಇಗರ್ಜಿ, ಜಲಾಶಯ ತುಂಬಿದ ಮೇಲೆ ಊರಿನವರೆಲ್ಲ ಬೇರೆಡೆಗೆ ಹೋಗಿ, ಒಂಟಿಯಾಗಿ ಉಳಿದುಕೊಂಡಿದೆ. ಮಳೆ ಚೆನ್ನಾದ ವರ್ಷ ಅದರ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿಯೇ ಹತ್ತಿರ ಹೋಗಬಹುದು.

ಬೇಸಿಗೆಯಲ್ಲಿ ಅಲ್ಲಿನ ಬಯಲು ದೂರದಿಂದ ಹುಲ್ಲುಹಾಸಿನಂತೆ ಸಮವಾಗಿ ಕಾಣುತ್ತದೆ. ನಡೆದರೆ ಮಾತ್ರ ಅದು ಬೇರೆ. ನೀರು ಇಳಿದ ಮೇಲೆ ಒಣಗಿದ ಮೆಕ್ಕಲುಮಣ್ಣು ಬಿರುಕು ಬಿಟ್ಟು ಹೆಂಚಿನ ಚೂರುಗಳಂತೆ ಎದ್ದಿರುತ್ತದೆ, ಆ ಬಿರುಕುಗಳಲ್ಲಿ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ನೀರಿನ ಹತ್ತಿರ ಹೋದಂತೆ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು. ನನ್ನ ಅಜಾಗರೂಕತೆಯಿಂದ ಒಂದು ಅನಾಹುತವೂ ಆಗುವುದರಲ್ಲಿತ್ತು. ಅಮ್ಮ ನೀರನ್ನು ಮುಟ್ಟಿ ಬರುತ್ತೇನೆಂದು ನಾಲ್ಕು ಹೆಜ್ಜೆ ಮುಂದಿಟ್ಟಾಗ ಬಲಗಾಲು ಹರಡಿನವರೆಗೆ ಹೂತುಹೋಯಿತು, ಎಳೆದುಕೊಂಡಾಗ ಪಾದ ಮಾತ್ರ ಬಂತು, ಚಪ್ಪಲಿ ಒಳಗೇ ಉಳಿಯಿತು. ದನ ಮೇಯಿಸುತ್ತಿದ್ದ ಹುಡುಗನೊಬ್ಬ ಓಡಿ ಬಂದು ಅಮ್ಮನ ಇನ್ನೊಂದು ಕೈ ಹಿಡಿಯದಿದ್ದರೆ ಅವರು ಬಿದ್ದೇ ಬಿಡುತ್ತಿದ್ದರು. ದನಗಳ ಗೊರಸಿನ ಗುರುತು ಎಷ್ಟು ಆಳವಿದೆ ಎಂದು ನೋಡಿ ಕಾಲಿಡಬೇಕೆಂದು ಅವನು ಹೇಳಿಕೊಟ್ಟ. ಗೊರಸು ಬೆರಳುದ್ದಕ್ಕಿಂತ ಹೆಚ್ಚು ಇಳಿದಿದ್ದರೆ ಮನುಷ್ಯ ಅಲ್ಲಿಂದ ಮುಂದೆ ಹೋಗಬಾರದಂತೆ. ಅಂದಿನಿಂದ ಯಾವ ಕೆರೆಯಂಗಳಕ್ಕೆ ಹೋದರೂ ನಾನು ಮೊದಲು ನೋಡುವುದು ಗೊರಸಿನ ಗುರುತನ್ನು. ಶೆಟ್ಟಿಹಳ್ಳಿಗೆ ಹಿರಿಯರನ್ನು ಕರೆದೊಯ್ಯಬಾರದೆಂದು ನಾನು ಹೇಳುವುದಿಲ್ಲ, ಆದರೆ ರಸ್ತೆಗೆ ಹತ್ತಿರದ ಗಟ್ಟಿನೆಲದಲ್ಲಿಯೇ ನಡೆದು, ಇಗರ್ಜಿಯನ್ನು ದೂರದಿಂದ ನೋಡಿ ಹಿಂದಿರುಗುವುದು ಕ್ಷೇಮ. ಶಿಥಿಲವಾದ ಗೋಡೆಗಳ ಕೆಳಗೆ ಯಾವ ವಯಸ್ಸಿನವರೂ ನಿಲ್ಲಬಾರದು. ಗೊರೂರಿನಲ್ಲಿ ಅಣೆಕಟ್ಟಿನ ಮೇಲೆ ನಡೆಯಬಹುದೆಂಬ ಆಸೆಯಿಂದಲೂ ಹೊರಡಬೇಡಿ, ಮತ್ತು ಅಣೆಕಟ್ಟಿನ ಕೆಳಗಿನ ಹೊಳೆಯ ಪಾತ್ರಕ್ಕೆ ಎಷ್ಟೇ ಒಣಗಿದಂತೆ ಕಂಡರೂ ಇಳಿಯಬೇಡಿ, ನೀರು ಬಿಟ್ಟಾಗ ಅದು ಏರುವ ವೇಗಕ್ಕೆ ನಿಧಾನವಾಗಿ ನಡೆಯುವವರು ದಡ ಸೇರಲಾರರು.

ಇದೇ ಹಿನ್ನೀರಿನ ಅಂಚಿನ ಒಂದು ಹೋಂಸ್ಟೇಯ ಅನುಭವವನ್ನೂ ಹೇಳಬೇಕು. ನೀರಿನ ಪಕ್ಕದಲ್ಲಿ ಹಿರಿಯರಿಗೆ ಹೊಂದುವ ಸುಲಭದ ನಡಿಗೆದಾರಿ ಇದೆಯೆಂದು ಫೋನಿನಲ್ಲಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡೇ ನಾವು ಮುಂಗಡ ಹಣ ಕಳಿಸಿದ್ದು. ಹೋಗಿ ನೋಡಿದರೆ ಕೋಣೆಯಿಂದ ನೀರಿನವರೆಗೆ ಕಾಫಿ ತೋಟದ ಇಳಿಜಾರಿನಲ್ಲಿ ಮಣ್ಣು ಕಡಿದು ಮಾಡಿದ ಮೆಟ್ಟಿಲುಗಳು, ಹಿಡಿಯಲು ಒಂದು ಹಗ್ಗವೂ ಇಲ್ಲ. ಅಮ್ಮ ಎರಡು ದಿನವೂ ಜಗಲಿಯಲ್ಲಿ ಕುಳಿತು ಮರಗಳ ಸಂದಿಯಿಂದ ನೀರನ್ನು ನೋಡಿದರು. ಅಡುಗೆ ಚೆನ್ನಾಗಿತ್ತು, ಕಡುಬು ಮತ್ತು ಕಾಳಿನ ಸಾರನ್ನು ಅಮ್ಮ ಇಂದಿಗೂ ನೆನೆಯುತ್ತಾರೆ. ಮನೆಯವರು ಒಳ್ಳೆಯ ಜನ, ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ, ದಿನಕ್ಕೆ ಹತ್ತು ಸಲ ಆ ಇಳಿಜಾರನ್ನು ಹತ್ತಿಳಿಯುವ ಅವರಿಗೆ ಅದು ಸುಲಭವೆಂದೇ ಅನ್ನಿಸಿತ್ತು. ಆದ್ದರಿಂದ ಕಾಯ್ದಿರಿಸುವ ಮುನ್ನ ದಾರಿ ಸುಲಭವೇ ಎಂದು ಕೇಳಬೇಡಿ. ಎಷ್ಟು ಮೆಟ್ಟಿಲು, ಹಿಡಿಕೆ ಇದೆಯೇ, ಮಳೆ ಬಂದರೆ ಜಾರುತ್ತದೆಯೇ ಎಂದು ಕೇಳಿ, ಸಾಧ್ಯವಾದರೆ ದಾರಿಯ ವಿಡಿಯೊ ತರಿಸಿಕೊಳ್ಳಿ.

ನದಿಯ ಪಕ್ಕದ ನಡಿಗೆಗಳಲ್ಲಿ ಶೃಂಗೇರಿಗೆ ಸಮನಾದದ್ದು ನಮಗೆ ಸಿಗಲಿಲ್ಲ. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಸುತ್ತಲಿನ ಅಂಗಳ ವಿಶಾಲವಾಗಿದೆ, ಸಮವಾಗಿದೆ, ಗುಡಿಸಿ ಶುಭ್ರವಾಗಿಟ್ಟಿರುತ್ತಾರೆ. ಅಲ್ಲಿಂದ ಸೇತುವೆಯ ಮೇಲೆ ತುಂಗೆಯನ್ನು ದಾಟಿ ನರಸಿಂಹವನಕ್ಕೆ ಹೋಗಿ ಬರುವ ದಾರಿ, ನಿಧಾನವಾಗಿ ನಡೆಯುವವರಿಗೆ ಹೇಳಿ ಮಾಡಿಸಿದಂತಿದೆ. ಸೇತುವೆಯ ನಡುವೆ ನಿಂತು ಕಟಾಂಜನವನ್ನು ಹಿಡಿದು ಕೆಳಗೆ ನೋಡಿದರೆ, ಹೊಳೆಯ ಹರಿವಿಗೆ ಎದುರಾಗಿ ಮುಖ ಮಾಡಿ ನಿಂತ ಮೀನುಗಳ ಕಪ್ಪು ಬೆನ್ನುಗಳು ಕಾಣುತ್ತವೆ. ಘಾಟಿನಲ್ಲಿ ಯಾರಾದರೂ ಪುರಿ ಎಸೆದ ಕೂಡಲೇ ಅವೆಲ್ಲ ಒಮ್ಮೆಲೇ ಆ ಕಡೆಗೆ ತಿರುಗುತ್ತವೆ. ಇಲ್ಲಿ ಮೀನು ಹಿಡಿಯುವಂತಿಲ್ಲವಾದ್ದರಿಂದ ಅವಕ್ಕೆ ಮನುಷ್ಯರ ಭಯವೇ ಇಲ್ಲ. ಘಾಟಿನ ಮೆಟ್ಟಿಲುಗಳನ್ನು ಮಾತ್ರ ಮಂಡಿನೋವಿನವರು ಇಳಿಯದಿರುವುದೇ ಲೇಸು, ಕೆಳಗಿನ ಮೆಟ್ಟಿಲುಗಳು ಯಾವಾಗಲೂ ಒದ್ದೆಯಾಗಿರುತ್ತವೆ, ಮೇಲಿನಿಂದಲೇ ಮೀನುಗಳು ಚೆನ್ನಾಗಿ ಕಾಣುತ್ತವೆ. ಪಾದರಕ್ಷೆಯನ್ನು ಹೊರಗೆ ಬಿಡಬೇಕಾದ್ದರಿಂದ ಮಧ್ಯಾಹ್ನದ ಹೊತ್ತು ಹಾಸುಗಲ್ಲು ಕಾದು ಅಂಗಾಲು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಅವರು ಬೆಳಿಗ್ಗೆ ಒಂಬತ್ತರ ಒಳಗೆ ನಡೆದು ಮುಗಿಸಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತುಂಗೆ ಉಕ್ಕಿ ದಡದ ಮೈದಾನದ ಮೇಲೂ ಹರಿಯುವುದುಂಟು, ಆ ದಿನಗಳಲ್ಲಿ ನಡಿಗೆಯ ಯೋಚನೆಯೇ ಬೇಡ.

ಹಳೇಬೀಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1121ರ ಹೊತ್ತಿಗೆ ಕಟ್ಟಲಾರಂಭಿಸಿದ ಹೊಯ್ಸಳೇಶ್ವರ ದೇವಾಲಯಕ್ಕೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಬಂದ ಮೇಲೆ ಜನ ಇನ್ನಷ್ಟು ಹೆಚ್ಚಿದ್ದಾರೆ. ದೇವಾಲಯದ ಉದ್ಯಾನದಲ್ಲಿ ನಡೆಯುತ್ತಾ ದ್ವಾರಸಮುದ್ರ ಕೆರೆಯನ್ನು ನೋಡಬಹುದೇ ಹೊರತು ನೀರಿನ ಪಕ್ಕದ ನಡಿಗೆ ಎಂದು ಅದನ್ನು ಕರೆಯಲಾಗದು. ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಹಿರೇಕೊಳಲೆ ಕೆರೆಯ ಏರಿ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೇ ಇದೆ, ಬೆಟ್ಟಗಳ ಸಾಲು ನೀರಿನಲ್ಲಿ ಕಾಣುವ ನೋಟ ಅತಿ ಸುಂದರ. ಆದರೆ ವಾರಾಂತ್ಯದಲ್ಲಿ ಬಂದುಹೋಗುವವರು ಬಿಟ್ಟ ಬಾಟಲಿಯ ಚೂರುಗಳನ್ನು ಏರಿಯ ಮೇಲೆ ಕಂಡು ನನಗೆ ಬಹಳ ನೋವಾಯಿತು. ಊರಿಗೆಲ್ಲ ಕುಡಿಯಲು ಕೊಡುವ ನೀರಿನ ದಡದಲ್ಲಿ ಹಾಗೆ ನಡೆದುಕೊಳ್ಳುವುದನ್ನು ಯಾರೂ ಸಹಿಸಬಾರದು. ವಾರದ ನಡುವೆ ಬೆಳಿಗ್ಗೆ ಹೋದರೆ ಅದು ಬೇರೆಯೇ ಕೆರೆ. ಬೇಲೂರಿನ ಯಗಚಿ ಜಲಾಶಯದ ಕಡೆ ದೋಣಿ, ಜಲಕ್ರೀಡೆಗಳ ಗದ್ದಲವಿರುವುದರಿಂದ ಮಕ್ಕಳಿರುವ ಮನೆಗಳಿಗೆ ಅದು ಹೆಚ್ಚು ಸೂಕ್ತ.

ಹೊರಡುವ ಮುನ್ನ ಸ್ಥಳೀಯರನ್ನು ವಿಚಾರಿಸಲೇಬೇಕಾದ ಸಂಗತಿಗಳು ಕೆಲವಿವೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ, ಅವು ನೀರಿಗೆ ಬರುವುದು ಮುಂಜಾನೆ ಮತ್ತು ಮುಸ್ಸಂಜೆಯಲ್ಲೇ. ನಮಗೆ ತಂಪೆಂದು ತೋರುವ ಹೊತ್ತೇ ಅವುಗಳ ಹೊತ್ತೂ ಆಗಿರುವುದರಿಂದ, ಆ ಭಾಗದ ಹಿನ್ನೀರಿನ ಕಡೆ ಹೋಗುವವರು ಹಿಂದಿನ ದಿನ ಆನೆ ಎಲ್ಲಿತ್ತೆಂದು ಊರಿನವರನ್ನು ಕೇಳಿಯೇ ಹೆಜ್ಜೆಯಿಡಬೇಕು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯ ತಿಂಗಳುಗಳಲ್ಲಿ ರಕ್ತ ಹೀರುವ ಉಣ್ಣೆಹುಳುವಿನಿಂದ ಹರಡುವ ಮಂಗನ ಕಾಯಿಲೆಯ ಭಯವಿರುವುದರಿಂದ ಹೊಳೆಯಂಚಿನ ಕಾಡಿನ ತರಗೆಲೆಗಳ ಮೇಲೆ ಕೂರಬಾರದು. ಮಳೆಗಾಲದಲ್ಲಿ ಅಲ್ಲೆಲ್ಲ ಇಂಬಳದ ಕಾಟವೂ ಇರುತ್ತದೆ. ಬಯಲುಸೀಮೆಯ ಕೆರೆಗಳಲ್ಲಿ ಈ ತೊಂದರೆಗಳಿಲ್ಲ, ಆದರೆ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣಿಸುವುದಿಲ್ಲ. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ ಅವರನ್ನು ಕೆರೆಯಂಗಳಕ್ಕೆ ಇಳಿಯಲು ಬಿಡಬಾರದು.

ನಾವು ಕೊಂಡೊಯ್ಯುವ ಸಾಮಾನುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ರಬ್ಬರಿನ ಬಿರಡೆಯಿರುವ ಊರುಗೋಲು ಮತ್ತು ಮಡಿಸಿ ಚೀಲಕ್ಕೆ ಹಾಕಬಹುದಾದ ಒಂದು ಸಣ್ಣ ಪೀಠ. ಪೀಠ ತಂದ ಮೇಲೆ ಅಮ್ಮನ ನಡಿಗೆ ಎರಡರಷ್ಟಾಯಿತು, ಏಕೆಂದರೆ ಎಲ್ಲಿ ಬೇಕಾದರೂ ಕೂರಬಹುದೆಂಬ ಭರವಸೆಯಿಂದ ಅವರು ಮುಂದೆ ಮುಂದೆ ಹೋಗತೊಡಗಿದರು. ಮೊದಲ ಸಲ ಅಯ್ಯನಕೆರೆಯಲ್ಲಿ ಹತ್ತಿರದ ತೂಬಿನವರೆಗೆ ಹೋಗಿ ಹಿಂದಿರುಗಿದ ಅವರು, ಕಳೆದ ನವೆಂಬರಿನಲ್ಲಿ ಅದನ್ನು ದಾಟಿ, ಇನ್ನೂ ಅಷ್ಟೇ ದೂರ ನಡೆದು, ಪೀಠದ ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿದರು. ಕೆರೆ ತುಂಬಿತ್ತು. ಅಲೆಗಳು ಕಲ್ಲುಕಟ್ಟಣೆಗೆ ಬಡಿಯುವ ಸದ್ದನ್ನು ಕೇಳುತ್ತಾ, ಕೋಡಿ ಇನ್ನೆಷ್ಟು ದೂರವೆಂದು ವಿಚಾರಿಸಿ, ಬಿಸಿಲೇರುತ್ತಿದೆ, ಇವತ್ತಿಗೆ ಬೇಡ ಎಂದು ತಾವೇ ಎದ್ದು ನಿಂತರು.